ಗೋಡೆಯಲ್ಲಿ ಉಳಿದ ತಂಪು

ಕಲಬುರಗಿಯಲ್ಲಿ ಗೋಡೆಗೆ ತೊಗಲು ಹಚ್ಚುವ ರೂಢಿ ಬಂದ ಮೇಲೆ ಜನ ಬೇಸಿಗೆಗೆ ಹೆದರುವುದನ್ನು ಬಿಟ್ಟರು. ಬಿಸಿಲೇನೂ ಕಡಿಮೆಯಾಗಿರಲಿಲ್ಲ. ಹೊರಗೆ ಐವತ್ತು ಡಿಗ್ರಿ ಸುಡುತ್ತಿದ್ದಾಗ ಒಳಗೆ ಮನುಷ್ಯರ ಬದಲು ಗೋಡೆಗಳು ಬೆವರುತ್ತಿದ್ದವು, ಅಷ್ಟೇ.

ತೊಗಲು ಎಂದರೆ ಪಾಚಿಯನ್ನೂ ಅಣಬೆಯನ್ನೂ ಕೂಡಿಸಿ ಬೆಳೆಸಿದ ಒಂದು ಜೀವಂತ ಪದರು. ದೋಸೆಯಷ್ಟು ದಪ್ಪ. ಮುಟ್ಟಿದರೆ ಕರುವಿನ ಮೂಗಿನ ಹಾಗೆ ಒದ್ದೆ. ಬಚ್ಚಲಿನ ನೀರು, ಪಾತ್ರೆ ತೊಳೆದ ನೀರು ಸೋಸಿ ಅದಕ್ಕೆ ಹೋಗುತ್ತಿತ್ತು. ಮೈಯ ಶಾಖ ತಾಗಿದ ಕಡೆ ಅದರ ರಂಧ್ರಗಳು ತೆರೆದು ನೀರು ಆವಿಯಾಗುತ್ತಿತ್ತು. ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವ ಉಪಾಯವೇ ಇದು. ಆದರೆ ಹೂಜಿಗೆ ನೆನಪಿರುವುದಿಲ್ಲ, ತೊಗಲಿಗೆ ಇತ್ತು. ಒಬ್ಬರು ದಿನವೂ ಕೂರುವ, ಮಲಗುವ ಜಾಗದಲ್ಲಿ ಅದು ದಪ್ಪಗೆ ಬೆಳೆದು, ಅವರು ಬರುವ ಹೊತ್ತಿಗೆ ಮೊದಲೇ ತಣ್ಣಗಾಗಿ ಕಾದಿರುತ್ತಿತ್ತು. ಜನ ಅದನ್ನು ತಾಣ ಎಂದು ಕರೆದರು. ಅಡುಗೆಮನೆಯ ಬಾಗಿಲ ಬಳಿ ಅತ್ತೆಯ ತಾಣ, ಟಿ.ವಿ. ಎದುರು ಮಾವನ ತಾಣ, ಹೀಗೆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಇತ್ತು.

ಯಾರಾದರೂ ತೀರಿಕೊಂಡರೆ ಅವರ ತಾಣ ಮೂರು ನಾಲ್ಕು ತಿಂಗಳು ತಂಪಾಗಿಯೇ ಇರುತ್ತಿತ್ತು. ಮಾತಾಡಿಸಲು ಬಂದವರು ಅದಕ್ಕೆ ಅಂಗೈ ಊರಿ, ಕಣ್ಣಿಗೊತ್ತಿಕೊಂಡು ಹೋಗುವುದು ವಾಡಿಕೆಯಾಯಿತು. ತಾಣ ಒಣಗಿ ಆರಿದ ದಿನ ಮನೆಯವರು ಹೋಳಿಗೆ ಮಾಡಿ ನೆರೆಯವರಿಗೆ ಉಣಬಡಿಸಿ ಸೂತಕದ ಕೊನೆಯ ಎಳೆಯನ್ನೂ ಕಳಚಿಕೊಳ್ಳುತ್ತಿದ್ದರು.

ನೀಲಾಂಬಿಕೆಯ ಮನೆಯಲ್ಲಿ ಅವಳ ಗಂಡ ರೇವಣಸಿದ್ಧನ ತಾಣ ಆರಲಿಲ್ಲ.

ಅವನು ಸರ್ವೇ ಇಲಾಖೆಯಲ್ಲಿದ್ದ. ಹಿಂದಿನ ವೈಶಾಖದಲ್ಲಿ ಸೇಡಂ ಕಡೆಯ ಒಂದು ಹೊಲ ಅಳೆಯಲು ಹೋದವನು ಬಿಸಿಲು ಬಡಿದು ಅಲ್ಲೇ ಬದುವಿನ ಮೇಲೆ ಕುಸಿದ. ನೀಲಾ ಅತ್ತಿರಲಿಲ್ಲ. ಅಳು ಬರಬಹುದೆಂದು ಮೊದಮೊದಲು ಕಾದಳು, ಆಮೇಲೆ ಕಾಯುವುದನ್ನೂ ಬಿಟ್ಟಳು. ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಒಬ್ಬಳಿಗೆ ಸಾಕಾಗುವಷ್ಟು ಅನ್ನ ಮಾಡುವ ಅಳತೆ ಇನ್ನೂ ಸಿಕ್ಕಿರಲಿಲ್ಲ. ಮಲಗುವ ಮುಂಚೆ ಮಂಚದ ಅವನ ಬದಿಗೆ ಕೈ ಚಾಚಿ ಗೋಡೆ ಮುಟ್ಟುತ್ತಿದ್ದಳು. ಅಲ್ಲಿ, ಮಲಗಿದಾಗ ಅವನ ಹೆಗಲು ತಾಗುತ್ತಿದ್ದ ಎತ್ತರದಲ್ಲಿ, ತೊಗಲು ದಪ್ಪಗೆ, ತಣ್ಣಗೆ ಇರುತ್ತಿತ್ತು. ಅಷ್ಟು ಮುಟ್ಟಿದರೆ ನಿದ್ದೆ ಬರುತ್ತಿತ್ತು.

ವರ್ಷ ತುಂಬಿದರೂ ತಾಣ ಆರದಿದ್ದುದು ಕಟ್ಟಡದಲ್ಲೆಲ್ಲ ಸುದ್ದಿಯಾಯಿತು. ಪಕ್ಕದ ಮನೆಯ ಕಾಶೀಬಾಯಿ ತನ್ನ ಬೀಗರನ್ನೂ ನೆಂಟರನ್ನೂ ಕರೆತಂದು ಮುಟ್ಟಿಸುತ್ತಿದ್ದಳು. ಹೊಸದಾಗಿ ಮದುವೆಯಾದವರು ಬಂದರು. ಕೊನೆಗೆ ಯಾರೋ ಅಲ್ಲಿ ಒಂದು ಕುಂಕುಮದ ಬೊಟ್ಟನ್ನೂ ಇಟ್ಟು ಹೋದರು. ತೊಗಲು ಅದನ್ನು ಎರಡೇ ದಿನಕ್ಕೆ ತಿಂದು ಹಾಕಿತು.

ಅದೇ ತಾಣವನ್ನು ಶೇಂಗಾ ಪರಚುತ್ತಿತ್ತು.

ಶೇಂಗಾ ಬೆಕ್ಕು. ಸಿಪ್ಪೆ ಬಣ್ಣದ ಮೈ, ಸೊಂಟದಲ್ಲಿ ಶೇಂಗಾಕಾಯಿಯ ಹಾಗೆ ಒಂದು ಸಣ್ಣ ತಗ್ಗು. ರೇವಣ ಒಂದು ಶೇಂಗಾ ಹೊಲದಿಂದ ಅದನ್ನು ಅಳತೆಯ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಪರಚುವಿಕೆ ಶುರುವಾದದ್ದು ಅವನು ಹೋದ ಮೇಲೆ. ಮೊದಲು ಸಣ್ಣ ಗೀರುಗಳಿದ್ದವು, ತೊಗಲು ತಾನೇ ಮಾಯಿಸಿಕೊಂಡಿತು. ಈಚೆಗೆ ಗೀರುಗಳು ಆಳಕ್ಕಿಳಿದು, ರಸ ಸೋರಿ ಗೋಡೆಯ ಬುಡದಲ್ಲಿ ಹಸಿರು ಕಲೆ ಕಟ್ಟತೊಡಗಿತ್ತು.

"ನೀಲಾ, ಬಾಗಲಾ ತಗಿಯವಾ," ಎಂದು ಒಂದು ಭಾನುವಾರ ಕಾಶೀಬಾಯಿ ಬಂದಳು. ಆ ವರ್ಷ ನಿವಾಸಿಗಳ ಸಂಘದ ಕಾರ್ಯದರ್ಶಿ ಅವಳೇ. "ನಾ ಜಗಳಕ್ಕ ಬಂದಿಲ್ಲ. ಜಗಳಕ್ಕ ಬಂದಿದ್ರ ಚಪ್ಪಲಿ ಬಿಟ್ಟು ಬರ್ತಿದ್ದಿಲ್ಲ."

"ಕೂಡ್ರಿ ಅಕ್ಕಾರ. ಚಾ ಮಾಡ್ತೀನಿ."

"ಚಾ ಬ್ಯಾಡ. ನಮ್ಮ ಮೊಮ್ಮಗಳ ಮೈ ನೋಡಿಯೇನು? ಬೆನ್ನ ತುಂಬ ಬೆವರುಸಾಲಿ. ತೊಟ್ಟಿಲಾ ಇರೋ ಗ್ವಾಡಿ ನಿಮ್ಮ ಗ್ವಾಡಿಗೇ ಹತ್ತಿದ್ದು. ನಿಮ್ಮ ಕಡಿ ಹರಿದ್ರ ನಮ್ಮ ಕಡಿ ನೀರ ಏರಂಗಿಲ್ಲ. ಕೂಸು ಇಡೀ ಮಧ್ಯಾಹ್ನ ಅಳ್ತದ."

ಸುಳ್ಳಾಗಿರಲಿಲ್ಲ. ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ತೊಗಲು. ಗೋಡೆಗಳ ಸಂದಿಯಲ್ಲಿ ಬಿಟ್ಟ ಸೀಳುಗಳಿಂದ ಅದು ಮನೆಯಿಂದ ಮನೆಗೆ ಹಬ್ಬಿತ್ತು. ಒಂದು ಕಡೆ ಗಾಯವಾದರೆ ರಸ ಅಲ್ಲಿಗೇ ಓಡುತ್ತಿತ್ತು.

ಶೇಂಗಾ ಬಂದು ಕಾಶೀಬಾಯಿಯ ಸೀರೆಯ ನೆರಿಗೆಗೆ ಮೈ ಒರೆಸಿತು. ಅವಳು ಬಗ್ಗಿ ಅದರ ಕಿವಿಯ ಹಿಂದೆ ಕೆರೆಯುತ್ತಲೇ ಹೇಳಿದಳು: "ಹಿಂಗ ಲಲ್ಲೆ ಹೊಡೀತದ, ಅತ್ತಾಗ ಗ್ವಾಡಿ ಹರೀತದ. ರಾಜಕಾರಣಿ ಇದ್ದಂಗ ಅದ ಇದು. ನೋಡವಾ, ಉಗುರು ತಗಿಲಾಕ ಈಗ ದವಾಖಾನ್ಯಾಗ ಬೆಳಕಿನ ಚೂರಿ ಬಂದದ. ರಕ್ತ ಇಲ್ಲ, ನೋವಿಲ್ಲ. ಮುಂಜಾನಿ ಒಯ್ದ್ರ ಸಂಜೀಕ ನಡಕೋತ ಮನಿಗಿ ಬರ್ತದಂತ. ಒಂದೋ ಉಗುರು ತಗಸು, ಇಲ್ಲಾ ಯಾರಿಗರೆ ಕೊಟ್ಟುಬಿಡು. ಈ ಅಮಾಸಿ ತನಕ ನಾ ಸಂಘದವರ್ನ ಹ್ಯಾಂಗರೆ ತಡೀತೀನಿ."

ಹೋಗುವಾಗ ಮಲಗುವ ಕೋಣೆಗೆ ಹೋಗಿ ತಾಣಕ್ಕೆ ಕೈ ಊರಿದಳು. ಹರಿದ ಅಂಚುಗಳನ್ನು ಬೆರಳಿನಿಂದ ಸವರಿದಳು.

"ನಿನ್ನ ಗಂಡಂದ ತಾಣಾ ಪರಚಲತ್ತದಲ್ಲವಾ ಇದು. ನಿನಗ ಹೊಟ್ಟಿ ಉರಿಯಂಗಿಲ್ಲೇನು?"

ಉರಿಯುತ್ತಿತ್ತು. ಅದನ್ನು ನೀಲಾ ಯಾರಿಗೂ ಹೇಳಿರಲಿಲ್ಲ. ಬೆಕ್ಕಿನ ಮೇಲಿನ ಪ್ರೀತಿಯಿಂದ ಅವಳು ದಿನ ತಳ್ಳುತ್ತಿದ್ದಾಳೆ ಎಂದು ಕಟ್ಟಡದವರು ತಿಳಿದಿದ್ದರು. ನಿಜವಾಗಿ ಅವಳಿಗೆ ಆ ಉಗುರುಗಳನ್ನು ಕಂಡರೆ ಭಯ. ಒಂದೊಂದು ಗೀರಿಗೂ ರೇವಣ ಅಷ್ಟಷ್ಟು ಕಡಿಮೆಯಾಗುತ್ತಿದ್ದಾನೆ ಅನ್ನಿಸುತ್ತಿತ್ತು. ಬೆಕ್ಕನ್ನು ಕೊಟ್ಟುಬಿಡೋಣವೆಂದರೆ, ಅದೂ ಅವನು ತಂದದ್ದೇ.

ನೀಲಾ ಕೆಲಸ ಮಾಡುತ್ತಿದ್ದುದು ಊರಿನ ತೊಗಲುಗಳ ನಿಗಾ ಕೊಠಡಿಯಲ್ಲಿ. ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅಲ್ಲಿಗೆ ಸೇರಿದ್ದಳು. ಒಂದು ಗೋಡೆಯ ತುಂಬ ಪರದೆ, ಅದರಲ್ಲಿ ಊರಿನ ಕಟ್ಟಡಗಳೆಲ್ಲ ಬಣ್ಣದ ಚೌಕಗಳು. ನೀರುಂಡ ತೊಗಲು ನೀಲಿ, ಬಾಯಾರಿದ್ದು ಹಳದಿ. ಹಳದಿ ಕಂಡಲ್ಲಿ ಕವಾಟ ತಿರುಗಿಸಿ ನೀರು ಹೆಚ್ಚಿಸುವುದು, ರೋಗ ಬಿದ್ದಲ್ಲಿ ಆಳು ಕಳಿಸುವುದು ಅವಳ ಕೆಲಸ. ಜೊತೆಗೆ ಅಂಬಾರಾಯ ಇದ್ದ. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು.

"ಏ ನೀಲಾ, ನಿಮ್ಮ ಮೂರನೇ ಮಾಳಿಗಿ ಮತ್ತ ಹಳದಿ ಆಗ್ಯಾದ. ಅರಿಶಿಣ ಶಾಸ್ತ್ರ ನಡದಾದೇನು?"

"ಬೆಕ್ಕು ಪರಚ್ಯಾದ."

"ಆಳ ಎಷ್ಟದ ನೋಡ್ಲೇನು? ಒಳಗಿನ ನಕಾಶಿ ತಗದ್ರ ಗೊತ್ತಾಗ್ತದ."

ಪ್ರತಿ ಗೋಡೆಗೂ ಒಂದು ಶಾಖದ ನಕಾಶೆ ಇತ್ತು. ಯಾವ ಹೊತ್ತಿಗೆ ಎಲ್ಲಿ ಎಷ್ಟು ಬಿಸಿ ತಾಗಿತು ಎಂಬುದನ್ನು ತೊಗಲು ಇಟ್ಟುಕೊಂಡಿರುತ್ತಿತ್ತು. ಊರಿನ ಎಷ್ಟೋ ಮನೆಗಳ ನಕಾಶೆ ನೋಡಿದ ನೀಲಾ ತನ್ನ ಮನೆಯದನ್ನು ಮಾತ್ರ ಒಮ್ಮೆಯೂ ತೆರೆದಿರಲಿಲ್ಲ. ಆರದ ತಾಣದ ಬಗ್ಗೆ ಒಂದು ಲೇಖನ ಬರೆಯೋಣವೆಂದು ಅಂಬಾರಾಯ ಹಿಂದೆ ಕೇಳಿದ್ದಾಗ, ಮುಖ ಎತ್ತದೆ ಬೇಡ ಎಂದಿದ್ದಳು. ಅವನು ಮತ್ತೆ ಕೇಳಿರಲಿಲ್ಲ.

"ನಾನೇ ನೋಡ್ತೀನಿ," ಅಂದಳು.

ಗಾಯದ ಆಳ ನೋಡಲೆಂದೇ ತೆರೆದಳು. ಆಳ ಕಂಡಿತು. ಅದರ ಜೊತೆಗೆ ಇನ್ನೊಂದು ಕಂಡಿತು. ಮಂಚದ ಆ ಬದಿಯಲ್ಲಿ, ಹೆಗಲಿನ ಎತ್ತರದಲ್ಲಿ, ಊಟದ ತಟ್ಟೆಯಷ್ಟು ಅಗಲದ ಒಂದು ಬಿಸಿ ಗುರುತು. ಮಧ್ಯಾಹ್ನ ಮೂಡಿ ಇಳಿಹೊತ್ತಿಗೆ ಮಾಯ. ನಿನ್ನೆಯೂ ಇತ್ತು, ಮೊನ್ನೆಯೂ. ಹಿಂದಕ್ಕೆ ಹೋದಳು. ಮಳೆಗಾಲದಲ್ಲಿ ಇತ್ತು, ಅದಕ್ಕೂ ಹಿಂದೆ ಇತ್ತು. ರೇವಣ ತೀರಿಕೊಂಡ ವಾರದಿಂದಲೇ ಶುರುವಾಗಿತ್ತು.

ಬಿಸಿ ಎಷ್ಟೆಂದು ನೋಡಿದಳು. ಮೂವತ್ತೆಂಟೂವರೆ.

ಮನುಷ್ಯನಿಗೆ ಅಷ್ಟು ಬಿಸಿಯಿದ್ದರೆ ಜ್ವರ ಅನ್ನುತ್ತಾರೆ. ಬೆಕ್ಕಿಗೆ ಅದು ಆರೋಗ್ಯ.

"ಏನಾತು?" ಎಂದ ಅಂಬಾರಾಯ.

"ಏನಿಲ್ಲ. ಬೆಕ್ಕು."

ಅವನು ಪರದೆ ನೋಡಿದ. ನಕಾಶೆ ಓದಲು ಅವನಿಗೂ ಬರುತ್ತಿತ್ತು. ಎದ್ದು ಹೋಗಿ ಎರಡು ಚಹಾ ತಂದ. ಅವಳ ಲೋಟ ಹಾಗೆಯೇ ಕೆನೆಗಟ್ಟಿತು.

ಮರುದಿನ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದಳು. ಕೋಣೆಯ ಬಾಗಿಲ ಸಂದಿಯಿಂದ ನೋಡುತ್ತ ನಿಂತಳು. ಶೇಂಗಾ ಅಡುಗೆಮನೆಯಿಂದ ಬಂತು, ಮಂಚಕ್ಕೆ ಹಾರಿತು, ರೇವಣನ ದಿಂಬಿನ ಮೇಲೆ ಸುತ್ತು ಹಾಕಿ ಗೋಡೆಗೆ ಬೆನ್ನು ಕೊಟ್ಟು ಮಲಗಿತು. ಮನೆಯಲ್ಲಿ ಅದಕ್ಕಿಂತ ತಂಪು ಜಾಗ ಇನ್ನೊಂದಿರಲಿಲ್ಲ. ತಂಪಿದೆಯೆಂದು ಬೆಕ್ಕು ಮಲಗುತ್ತಿತ್ತು. ಬೆಕ್ಕು ಮಲಗುತ್ತದೆಂದು ಗೋಡೆ ತಂಪನ್ನು ಉಳಿಸಿಕೊಂಡಿತ್ತು. ನಡುವೆ ರೇವಣ ಎಲ್ಲಿಯೂ ಇರಲಿಲ್ಲ.

ಎದ್ದ ಮೇಲೆ ಬೆಕ್ಕು ಮೈ ಮುರಿಯಿತು. ಮುಂಗಾಲು ಎತ್ತಿ ಗೋಡೆಗೆ ಊರಿ, ಕಣ್ಣು ಅರ್ಧ ಮುಚ್ಚಿ, ಮೇಲಿಂದ ಕೆಳಗೆ ಎಳೆಯಿತು.

ನೀಲಾ ಸಿಟ್ಟಾಗಲಿಲ್ಲ. ಅಡುಗೆಮನೆಗೆ ಹೋಗಿ ಕುಳಿತಳು. ವಿಚಾರ ತಾನಾಗಿಯೇ ಬಂತು. ಬೆಕ್ಕನ್ನು ಕೊಟ್ಟರೆ ತಾಣ ನಾಲ್ಕು ತಿಂಗಳಲ್ಲಿ ಆರುತ್ತದೆ. ಬೆಕ್ಕು ಉಗುರಿನೊಡನೆ ಇದ್ದರೆ ತಾಣ ಹರಿದು ಹಾಳಾಗುತ್ತದೆ. ಬೆಕ್ಕು ಇದ್ದು ಉಗುರು ಇಲ್ಲದಿದ್ದರೆ ತಾಣ ಹಾಗೆಯೇ ಉಳಿಯುತ್ತದೆ. ಶೇಂಗಾ ಬದುಕಿರುವಷ್ಟು ಕಾಲ, ಹತ್ತು ವರ್ಷ, ಹನ್ನೆರಡು ವರ್ಷ. ಅದು ಯಾರ ಬಿಸಿಯೆಂಬುದು ಅಂಗೈಗೆ ಗೊತ್ತಾಗುವುದಿಲ್ಲ. ತನಗೆ ಗೊತ್ತಾಗಿರುವುದನ್ನು ಮರೆಯಲೂಬಹುದು. ಜನ ಏನೇನನ್ನೋ ಮರೆತು ಬಾಳುತ್ತಾರೆ.

ಪಶು ಆಸ್ಪತ್ರೆಗೆ ಫೋನ್ ಮಾಡಿ ಉಗುರು ತೆಗೆಸಲು ಶುಕ್ರವಾರಕ್ಕೆ ಹೊತ್ತು ಗೊತ್ತು ಮಾಡಿಕೊಂಡಳು.

ಪಶುವೈದ್ಯೆ ನುಸ್ರತ್ ಬೇಗಂ ದಪ್ಪ ಕನ್ನಡಕದ, ಜೋರು ದನಿಯ ಹೆಂಗಸು. ಶೇಂಗಾವನ್ನು ಬುಟ್ಟಿಯಿಂದ ಎತ್ತಿ ಮೇಜಿನ ಮೇಲೆ ಕೂಡಿಸಿ, ಅದರ ಪಾದದ ಮೆತ್ತೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಉಗುರು ಹೊರಗೆ ಬಂತು. ಹಾಲಿನ ಬಣ್ಣ, ಬುಡದಲ್ಲಿ ಗುಲಾಬಿ.

"ಎಷ್ಟು ಬೆಳಿಸೀರಿ ಇವು! ಮೊದಲ ಯಾರರೆ ಕತ್ತರಸ್ತಿದ್ರೇನು?"

"ನಮ್ಮನಿಯವರು. ಐತವಾರಕ್ಕೊಮ್ಮೆ ತಮ್ಮುವು ಕತ್ತರಿಸ್ಕೊಂಡ ಮ್ಯಾಲ ಇದರವೂ ತುದಿ ತಗೀತಿದ್ರು."

"ಈಗ್ಯಾಕ ಬಿಟ್ರು?"

ನೀಲಾ ಬೆಕ್ಕಿನ ಬೆನ್ನು ಸವರಿದಳು. ನುಸ್ರತ್ ಅವಳ ಬರಿಗೊರಳನ್ನು ನೋಡಿ, "ತಪ್ಪಾತು ಬೇಟಿ," ಎಂದು ದನಿ ತಗ್ಗಿಸಿದಳು. ಒಂದು ವರ್ಷ ಆ ಕೆಲಸ ಯಾರದೂ ಅಲ್ಲದೆ ಬಿದ್ದಿತ್ತು ಎಂಬುದು ನೀಲಾಗೆ ಆಗಲೇ ಹೊಳೆದದ್ದು. ಉಗುರು ಕತ್ತರಿ ಇನ್ನೂ ಅವನ ಕ್ಷೌರದ ಡಬ್ಬಿಯಲ್ಲಿತ್ತು.

"ತುದಿ ಕತ್ತರಿಸಿದ್ರ ಸಾಕಾಗ್ತದೇನ್ರಿ?"

"ಇಟ್ಟಂಗಿ ಗ್ವಾಡಿಗಿ ಸಾಕಾಗ್ತದ. ನಿಮ್ದು ಬೆಣ್ಣಿ ಗ್ವಾಡಿ. ಮೊಂಡ ಉಗುರಿಗೂ ಹರೀತದ."

"ಹಂಗಾರ ತಗದುಬಿಡ್ರಿ. ನೋವಾಗಂಗಿಲ್ಲ ಅಂದ್ರು."

"ನೋವಾಗಂಗಿಲ್ಲ. ಈ ಮಷೀನು ಭಾಳ ಚಲೋ ಅದ." ನುಸ್ರತ್ ತನ್ನ ಬಲಗೈ ಚಾಚಿದಳು. "ನಿಮ್ಮ ಬೆರಳು ಹಿಂಗ ಮಡಚ್ರಿ. ತುದೀ ಗೆಣ್ಣು ಅಷ್ಟ. ಬೆಕ್ಕಿನ ಉಗುರು ಹುಟ್ಟೂದು ಅದರ ಎಲುಬಿನಾಗಿಂದ. ಉಗುರು ತಗೀಬೇಕಂದ್ರ ಆ ಎಲುಬು ತಗೀಬೇಕು. ಒಂದೊಂದು ಬೆರಳಿಂದು ಅಷ್ಟಷ್ಟು."

ನೀಲಾ ತನ್ನ ಮಡಚಿದ ಬೆರಳುಗಳನ್ನು ನೋಡಿಕೊಂಡಳು.

"ನೋವಾಗಂಗಿಲ್ಲ ಅಂದೆ. ಏನೂ ಆಗಂಗಿಲ್ಲ ಅಂತ ನಾ ಅಂದಿಲ್ಲ," ಎಂದಳು ನುಸ್ರತ್. ನಂತರ ಒಳಗಿನ ಕೋಣೆಯತ್ತ ತಿರುಗಿ, "ನವಾಬಾ, ಬಾ ಇಲ್ಲಿ," ಎಂದು ಕರೆದಳು.

ಬಿಳಿಯ ಗಂಡು ಬೆಕ್ಕೊಂದು ಬಂತು. ಕಾಯಿಸಿದ ಹೆಂಚಿನ ಮೇಲೆ ನಡೆಯುವ ಹಾಗೆ ಹೆಜ್ಜೆ ಇಡುತ್ತಿತ್ತು. ಯಾರೋ ಉಗುರು ತೆಗೆಸಿ, ಆಮೇಲೆ ಅದು ಕಚ್ಚತೊಡಗಿತೆಂದು ಇಲ್ಲೇ ಬಿಟ್ಟು ಹೋಗಿದ್ದರು. ಮೂಲೆಯಲ್ಲಿ ನಾರಿನ ಹಗ್ಗ ಸುತ್ತಿದ ಒಂದು ಕಂಬವಿತ್ತು. ನವಾಬ ಅದರ ಹತ್ತಿರ ಹೋಗಿ ಎದ್ದು ನಿಂತು, ಮುಂಗಾಲುಗಳನ್ನು ಮೇಲಿಂದ ಕೆಳಗೆ ಎಳೆಯಿತು. ಸದ್ದಿಲ್ಲ. ಹಗ್ಗದ ಒಂದು ನಾರೂ ಅಲುಗಲಿಲ್ಲ. ಮತ್ತೆ ಎಳೆಯಿತು. ಬಲು ಹೊತ್ತು, ಬಲು ಶ್ರದ್ಧೆಯಿಂದ ಎಳೆಯುತ್ತಲೇ ಇತ್ತು.

"ಅಲ್ಲಿ ಏನೂ ಇಲ್ಲಂತ ಅದಕ್ಕ ಗೊತ್ತಿಲ್ಲೇನ್ರಿ?"

"ಗೊತ್ತಿರಬೌದು. ದಿನಾ ಮಾಡ್ತದ. ಮಾಡಿ ಹೋಗಿ ಮಕ್ಕೋತದ."

ನೀಲಾ ದಿನವೂ ಗೋಡೆ ಮುಟ್ಟುತ್ತಿದ್ದ ತನ್ನ ಅಂಗೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು. ಅದು ಒದ್ದೆಯಾಗಿಯೇನೂ ಇರಲಿಲ್ಲ.

"ತುದಿ ಅಷ್ಟ ಕತ್ತರಿಸಿ ಕೊಡ್ರಿ," ಅಂದಳು. "ಹ್ಯಾಂಗ ಅಂತ ನನಗೂ ತೋರಸ್ರಿ."

ಬುಟ್ಟಿ ಹಿಡಿದು ಆಟೋ ಹತ್ತಿದವಳು ಮನೆಯ ವಿಳಾಸ ಹೇಳಲಿಲ್ಲ, ನಿಗಾ ಕೊಠಡಿಗೆ ಬಿಡಲು ಹೇಳಿದಳು. ಅಂಬಾರಾಯ ಬುಟ್ಟಿಯೊಳಗೆ ಇಣುಕಿದ.

"ಡ್ಯೂಟಿಗಿ ಇದನ್ನೂ ಕರ್ಕೊಂಡು ಬಂದಿಯೇನು? ಪಗಾರ ಯಾರು ಕೊಡಬೇಕು?"

"ನಮ್ಮ ಮನೀ ನೀರಿನ ಕವಲು ಮುಚ್ಚಬೇಕು. ಸಂದಿಯಿಂದ ಈಕಡಿದೆಲ್ಲ."

ಅವನ ನಗು ನಿಂತಿತು. ಕವಲು ಮುಚ್ಚಿದರೆ ಒಂದು ಮನೆಯ ತೊಗಲಿಗೆ ನೀರು ನಿಲ್ಲುತ್ತದೆ. ಸಂದಿಯ ಅಂಚಿನಲ್ಲಿ ಕಟ್ಟಡದ ತೊಗಲು ಗಾಯ ಕಟ್ಟಿಕೊಂಡು ತನ್ನ ಪಾಡಿಗೆ ಬದುಕುತ್ತದೆ, ಈಚೆಯದು ಒಣಗುತ್ತದೆ. ಕಾಶೀಬಾಯಿಯ ಗೋಡೆಗೆ ರಸ ಏರುತ್ತದೆ. ಕೂಸು ಮಲಗುತ್ತದೆ.

"ತಲಿ ಸರಿ ಅದ ಇಲ್ಲ? ಇಂಥಾ ಬ್ಯಾಸಿಗ್ಯಾಗ?"

"ಫ್ಯಾನ್ ಹಚ್ಕೋತೀನಿ. ನಮ್ಮವ್ವ, ನಿಮ್ಮವ್ವ ಎಲ್ಲಾ ಹ್ಯಾಂಗಿದ್ರು?"

"ಆಗಿನ ಬಿಸಿಲ ಬ್ಯಾರೆ, ಈಗಿನ ಬಿಸಿಲ ಬ್ಯಾರೆ. ಒಮ್ಮಿ ಒಣಗಿದ್ರ ಮತ್ತ ಚಿಗರಂಗಿಲ್ಲ."

"ಪರೀಕ್ಷಿಗಿ ಅದನ್ನ ನಿನಗ ಓದಿಸಿದಾಕಿ ನಾನು."

"ತಾಣಾ ಹೋಗ್ತದ, ನೀಲಾ."

"ಹೋಗ್ತದ."

"ರೇವಣಂದು."

"ಬೆಕ್ಕಿಂದು," ಅಂದಳು.

ಅಂಬಾರಾಯ ಕುರ್ಚಿ ಬಿಟ್ಟು ಎದ್ದ. ಅವಳು ಕುಳಿತಳು. ತನ್ನ ಮನೆಯ ಚೌಕವನ್ನು ಹುಡುಕಿ ಕವಾಟ ಮುಚ್ಚಿದಳು. ಪರದೆಯಲ್ಲಿ ಕೂಡಲೇ ಏನೂ ಬದಲಾಗಲಿಲ್ಲ. ಹೊರಗೆ ಬರುವಾಗ ಹಳದಿಯ ಮೊದಲ ಛಾಯೆ ಬಿದ್ದಿತ್ತು.

ಗೋಡೆ ಸಾಯಲು ಕೆಲವು ದಿನ ಹಿಡಿಯಿತು. ಮೊದಲು ಅಡುಗೆಮನೆಯದು ಕಂದಿತು, ಆಮೇಲೆ ಪಡಸಾಲೆಯದು. ತಾಣ ದಪ್ಪಗಿದ್ದುದರಿಂದ ಕೊನೆಯ ತನಕ ಒಂದಿಷ್ಟು ತಂಪು ಹಿಡಿದುಕೊಂಡಿತ್ತು. ಬೆಕ್ಕಿನ ಉಗುರಿನ ಸಲುವಾಗಿ ಗಂಡನ ತಾಣ ಕೊಂದವಳು ಎಂದು ಕಟ್ಟಡದ ಹೆಂಗಸರು ಆಡಿಕೊಂಡರು. ನಕಾಶೆಯಲ್ಲಿ ಕಂಡದ್ದನ್ನು ನೀಲಾ ಅವರಿಗೆ ಹೇಳಲಿಲ್ಲ. ಕೈ ಊರಿ ಕಣ್ಣಿಗೊತ್ತಿಕೊಂಡವರು, ಅವರ ನಂಬಿಕೆ ಹಾಗೆಯೇ ಇರಲಿ ಅನ್ನಿಸಿತು.

ಕಾಶೀಬಾಯಿ ಬಂದು ಗೋಡೆ ಮುಟ್ಟಿ ನೋಡಿದಳು. "ಹುಚ್ಚಿ," ಎಂದಳು. ಆಮೇಲೆ, "ಕೂಸಿನ ಬೆವರುಸಾಲಿ ಮಾಯ್ದಾವ," ಎಂದಳು. ಬಾಗಿಲಿಗೆ ಹೋದವಳು ತಿರುಗಿ, "ಆರಿದ ದಿನ ಹೋಳಿಗಿ ಮಾಡ್ತಿಯಿಲ್ಲ? ಬ್ಯಾಳಿ ಕುದಿಸೂದು ನನಗ ಹೇಳು," ಎಂದಳು.

ಹೋಳಿಗೆ ಆಯಿತು. ಆ ಸೆಕೆಯಲ್ಲಿ ಒಳಗೆ ಕುಳಿತು ಉಣ್ಣಲು ಯಾರಿಗೂ ಆಗಲಿಲ್ಲ. ಬಂದವರು ಬಾಗಿಲಲ್ಲೇ ಇಸಿದುಕೊಂಡು, "ಬರ್ತೀವಿ ನೀಲಾ," ಎಂದು ತಮ್ಮ ತಣ್ಣನೆಯ ಮನೆಗಳಿಗೆ ಹೋದರು. ಉಳಿದ ಹೋಳಿಗೆಯ ಬುಟ್ಟಿಯ ಎದುರು ಅವಳು ಒಬ್ಬಳೇ ಕುಳಿತು ಒಂದು ತಿಂದಳು. ಶೇಂಗಾ ಅವಳ ಬೆರಳಿನ ತುಪ್ಪ ನೆಕ್ಕಿತು. ಆಮೇಲೆ ಮಲಗುವ ಕೋಣೆಗೆ ಹೋಗಿ ಗೋಡೆಗೆ ಕಾಲು ಊರಿ ಎಳೆಯಿತು. ತೊಗಲು ಸುಟ್ಟ ಹಪ್ಪಳದ ಹಾಗೆ ಮುರಿದು ರೇವಣನ ದಿಂಬಿನ ಮೇಲೆ ಉದುರಿತು. ಹಿಂದೆ ಹಳೆಯ ಸುಣ್ಣದ ಗೋಡೆ ಇತ್ತು. ಯಾರದೂ ಅಲ್ಲದ ಒಂದು ಬಿಳಿ ಗೋಡೆ. ಬೆಕ್ಕು ಅದನ್ನು ಮೂಸಿ ನೋಡಿ ಇಳಿದು ಬಂತು. ಮತ್ತೆ ಆ ಕಡೆ ಹೋಗಲಿಲ್ಲ.

ಹೊತ್ತು ಮುಳುಗಿದ ಮೇಲೆ ನೀಲಾ ಒಂದು ಕೊಡ ನೀರು ಹೊತ್ತು ಕಟ್ಟಡದ ತುದಿಯ ಬಯಲು ಮಾಳಿಗೆಗೆ ಹೋದಳು. ಹಿಂದೆ ಬೇಸಿಗೆಯಲ್ಲಿ ಊರಿಗೆ ಊರೇ ಮಾಳಿಗೆಯ ಮೇಲೆ ಮಲಗುತ್ತಿತ್ತು. ತೊಗಲು ಬಂದ ಮೇಲೆ ಆ ಬಾಗಿಲಿನ ಚಿಲಕ ತುಕ್ಕು ಹಿಡಿದಿತ್ತು. ಸಣ್ಣವಳಿದ್ದಾಗ ಅವ್ವ ಮಾಡುತ್ತಿದ್ದ ಹಾಗೆ ನೆಲಕ್ಕೆ ನೀರು ಚೆಲ್ಲಿದಳು. ನೀರು ಚುಂಯ್ ಎಂದು ಆರಿ, ಬಿಸಿ ಗಚ್ಚಿನ ವಾಸನೆ ಎದ್ದಿತು. ಇನ್ನೊಂದು ಸಲ ಚೆಲ್ಲಿದ ಮೇಲೆ ಚಾಪೆ ಹಾಸಿದಳು. ಸುತ್ತಲ ಕಟ್ಟಡಗಳ ಮಾಳಿಗೆಗಳೆಲ್ಲ ಖಾಲಿ ಇದ್ದವು. ಕಣ್ಣು ಹಾಯುವಷ್ಟು ದೂರವೂ ಒಬ್ಬ ಮನುಷ್ಯ ಕಾಣಲಿಲ್ಲ.

ಶೇಂಗಾ ಮೆಟ್ಟಿಲೇರಿ ಬಂದು ಚಾಪೆಯ ಅಂಚಿನಲ್ಲಿ ಕುಳಿತಿತು.

ನೀಲಾ ಅಂಗಾತ ಮಲಗಿದಳು. ಕಣ್ಣು ಮುಚ್ಚುವ ಮುಂಚೆ ಅವಳ ಕೈ ತಾನಾಗಿಯೇ ಆ ಬದಿಗೆ ಹೋಯಿತು. ಗೋಡೆ ಇರಲಿಲ್ಲ. ಅಂಗೈ ಗಾಳಿಯಲ್ಲಿ ಹಾಗೆಯೇ ನಿಂತಿತು, ಇಳಿಯಲಿಲ್ಲ, ಬೆರಳುಗಳು ಮಾತ್ರ ಸ್ವಲ್ಪ ಆಡಿದವು.

ಆಡುವ ಬೆರಳು ಕಂಡು ಶೇಂಗಾ ಹೊಂಚಿ ಕುಳಿತು ಹಾರಿತು. ಎರಡೂ ಮುಂಗಾಲಿನಲ್ಲಿ ಅವಳ ಕೈಯನ್ನು ಹಿಡಿದು ಉಗುರು ಊರಿತು. ಅವು ಆಗಲೇ ಮತ್ತೆ ಚೂಪಾಗಿದ್ದವು.

"ಅಯ್ಯ!" ಎಂದಳು ನೀಲಾ.

ಖಾಲಿ ಮಾಳಿಗೆಯಲ್ಲಿ ಆ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಉರಿಯುತ್ತಿತ್ತು. ಎಷ್ಟು ಸಣ್ಣ ಗೀರು, ಎಷ್ಟು ಉರಿ. ಅವಳು ಕೈ ಎಳೆದುಕೊಳ್ಳಲಿಲ್ಲ. ಕೈಯನ್ನು ಬೆಕ್ಕಿಗೆ ಬಿಟ್ಟುಕೊಟ್ಟು, ಇನ್ನೊಂದು ಕೈಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು, ವರ್ಷದ ಹಿಂದೆ ಅಳಬೇಕಾಗಿದ್ದವಳು ಅಳತೊಡಗಿದಳು.